ಎಡಗಡೆ ಮುಂದಿನ ಗಾಲಿ

ರಸ್ತೆಯಲ್ಲಿ ಕಾರೊಂದು ಹಾದುಹೋದರೆ ಜನ ಅದರ ಬಣ್ಣ ನೋಡುತ್ತಾರೆ, ಒಳಗೆ ಯಾರು ಕುಳಿತಿದ್ದಾರೆಂದು ಇಣುಕುತ್ತಾರೆ. ನಾನು ಅದರ ಗಾಲಿಯ ಸಪ್ಪಳ ಕೇಳುತ್ತೇನೆ. ಹಾವೇರಿಯ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುವಾಗಲೂ, ಮದುವೆ ಮಂಟಪದ ಬಾಗಿಲಲ್ಲಿ ನಿಂತು ಬೀಗರಿಗೆ ಕೈ ಮುಗಿಯುವಾಗಲೂ ನನ್ನ ಬಲಗಿವಿ ತಾನಾಗಿಯೇ ರಸ್ತೆಯ ಕಡೆ ಹೊರಳುತ್ತದೆ. ಇದು ಗುಣವೋ ರೋಗವೋ ಎಂದು ಎರಡು ವರ್ಷದ ಹಿಂದೆ ನೀವು ಕೇಳಿದ್ದರೆ, ಗುಣ ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ.

ಇದಕ್ಕೆ ಮೂಲ ನನ್ನ ಕಸುಬು. ಹಾವೇರಿಯಲ್ಲಿ ಮೂವತ್ತು ವರ್ಷದಿಂದ ಪಂಪಸೆಟ್ಟಿನ ಮೋಟಾರು ರಿಪೇರಿ ಮಾಡುತ್ತ ಬಂದವನು ನಾನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮೋಟಾರಿನ ಮೈಗೆ ಒತ್ತಿ ಹಿಡಿಕೆಯನ್ನು ಕಿವಿಗೆ ಹಚ್ಚಿದರೆ ಒಳಗಿನ ಬೇರಿಂಗು ತನ್ನ ಸುಖದುಃಖ ಹೇಳಿಕೊಳ್ಳುತ್ತದೆ. ಸವೆದದ್ದು ನರಳುತ್ತದೆ, ಗ್ರೀಸು ಒಣಗಿದ್ದು ಕೆಮ್ಮುತ್ತದೆ, ಗುಂಡು ಒಡೆದದ್ದು ಹಲ್ಲು ಕಡಿಯುತ್ತದೆ. ಹೊಸರಿತ್ತಿ ಕಡೆಯ ರೈತರು ಟ್ರ್ಯಾಕ್ಟರಿನಿಂದ ಮೋಟಾರು ಇಳಿಸಿ, "ಈರಣ್ಣೋರ, ಒಂದೀಟು ಕಿವಿ ಹಚ್ಚರಿ" ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ನನ್ನ ಕಿವಿಗೆ ಸೊಕ್ಕು ಬಂದಿತ್ತು.

ಆ ಕಿವಿಯಾದರೂ ನನಗೆ ಉಳಿದದ್ದು ನೀಲಕ್ಕನ ದೆಸೆಯಿಂದ. ನಮ್ಮೂರು ಐರಣಿ. ಐದಾರು ವರ್ಷದವನಿದ್ದಾಗ ದಿನವಿಡೀ ಹೊಳೆಯಲ್ಲಿ ಮುಳುಗು ಹಾಕಿ ಹಾಕಿ ನನ್ನ ಕಿವಿ ಸೋರತೊಡಗಿತ್ತು. ಅವ್ವ ಹೊಲಕ್ಕೆ ಹೋದ ಮೇಲೆ ನನ್ನನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ, ನನಗಿಂತ ಏಳು ವರ್ಷ ದೊಡ್ಡವಳು. ಅಪ್ಪನ ಹಳೇ ಧೋತರದ ಚೂರನ್ನು ಬತ್ತಿಯಂತೆ ಹೊಸೆದು ದಿನಕ್ಕೆ ಮೂರು ಸಲ ಕಿವಿ ಒರೆಸುವಳು. ನಾನು ಒದ್ದಾಡಿದರೆ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, "ಸುಮ್ನಿರು. ಕಿವುಡ ಆದ್ರ ನಿನಗ ಯಾರೂ ಹೆಣ್ಣ ಕೊಡೂದಿಲ್ಲ" ಎಂದು ಹೆದರಿಸುವಳು. ಒಂದು ಮಳೆಗಾಲ ಪೂರ್ತಿ ಹೀಗೆ ನಡೆಯಿತು. ಮುಂದೆ ನನಗೆ ಹೆಣ್ಣೂ ಸಿಕ್ಕಿತು, ಕಸುಬೂ ಸಿಕ್ಕಿತು.

ಮೋಟಾರಿನಿಂದ ಕಾರಿಗೆ ನನ್ನ ಕೀರ್ತಿ ಹಬ್ಬಿದ್ದು ಒಂದು ಸಣ್ಣ ಕಲ್ಲಿನ ಹರಳಿನಿಂದ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಕಾರಿನ ಗಾಲಿ ಓಡುವಾಗ ಹಂದಿ ಕೊಯ್ದಂತೆ ಕಿರುಚುತ್ತಿತ್ತು. ಎರಡು ಸಲ ಬ್ರೇಕಿನ ಸಾಮಾನು ಬದಲಿಸಿದರೂ ಕಿರುಚಾಟ ನಿಂತಿರಲಿಲ್ಲ. ಅವರ ಮಗಳ ಮದುವೆಗೆ ಹೋಗಿದ್ದ ನಾನು ಊಟ ಮುಗಿಸಿ ಅಂಗಳದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಆ ಕಾರು ಬಂತು. ಕೇಳಿದೆ. "ಬ್ರೇಕಿನ ತಟ್ಟಿಗೂ ಹಿಂದಿನ ತಗಡಿಗೂ ನಡುವ ಹರಳು ಸಿಕ್ಕೈತ್ರಿ" ಎಂದೆ. ಗಾಲಿ ಬಿಚ್ಚಿ ನೋಡಿದರೆ ಕಡಲೆಕಾಳಿನಷ್ಟು ಹರಳು! ಮದುಮಗನನ್ನು ಬಿಟ್ಟು ಜನ ನನ್ನನ್ನು ನೋಡಿದರು.

ಅಂದಿನಿಂದ ಫೋನುಗಳು ಶುರುವಾದವು. ಜನ ಫೋನಿನಲ್ಲಿ ತಮ್ಮ ಕಾರಿನ ಸಪ್ಪಳವನ್ನು ಬಾಯಿಂದ ಮಾಡಿ ತೋರಿಸುವುದನ್ನು ನೀವು ಕೇಳಬೇಕು. ಹೆಡ್‌ಮಾಸ್ತರರೊಬ್ಬರು ಸ್ಟಾಫ್‌ರೂಮಿನಿಂದಲೇ "ಕುಂಯ್, ಕುಂಯ್" ಎಂದು ಐದು ನಿಮಿಷ ನಾಯಿಮರಿಯಾಗಿದ್ದರು. ನಾನು ಗಂಭೀರವಾಗಿ ಎಲ್ಲರಿಗೂ ಮೂರು ಪ್ರಶ್ನೆ ಕೇಳುತ್ತಿದ್ದೆ. ಸಪ್ಪಳ ಒಂದೇ ಸಮ ಬರುತ್ತದೋ, ಗಾಲಿಯ ಸುತ್ತಿಗೊಮ್ಮೆ ಬರುತ್ತದೋ? ತಿರುವಿನಲ್ಲಿ ಹೆಚ್ಚುಕಡಿಮೆ ಆಗುತ್ತದೋ? ಸ್ಟೇರಿಂಗು ಕೈಯಲ್ಲಿ ನಡುಗುತ್ತದೋ? ಒಂದೇ ಸಮ ಗುಂಯ್‌ಗುಟ್ಟಿ ತಿರುವಿನಲ್ಲಿ ಬದಲಾದರೆ ಬೇರಿಂಗು. ತಿರುವಿನಲ್ಲಷ್ಟೇ ಕಟಕಟ ಎಂದರೆ ಆಕ್ಸಲ್ಲಿನ ಕೀಲು. ಸುತ್ತಿಗೊಮ್ಮೆ ಟಕ್ ಎಂದು, ಸ್ಟೇರಿಂಗೂ ನಡುಗಿದರೆ, "ಅಲ್ಲೇ ನಿಲ್ಲಸ್ರಿ, ಒಂದ್ ಹೆಜ್ಜಿ ಮುಂದ ಹೋಗಬ್ಯಾಡ್ರಿ, ಗಾಲಿ ನಟ್ ನೋಡ್ರಿ" ಎನ್ನುತ್ತಿದ್ದೆ. ಹಾಗೆಂದು ಇಬ್ಬರ ಜೀವವನ್ನಾದರೂ ಉಳಿಸಿದ್ದೇನೆ ಎಂದು ನನ್ನ ಲೆಕ್ಕ.

ಲೋಕಕ್ಕೆ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿತ್ತಂತೆ. ನನ್ನದೊಂದು ಹಳೆಯ ಕಾರಿತ್ತು. ಇಬ್ಬರು ಓಡಿಸಿ ಬಿಟ್ಟದ್ದು. ಅದರ ಎಡಗಡೆ ಮುಂದಿನ ಗಾಲಿಯ ಬೇರಿಂಗು ಮೂರು ತಿಂಗಳಿನಿಂದ ಗುಂಯ್‌ಗುಡುತ್ತಿತ್ತು. ರಾಣೆಬೆನ್ನೂರಿನ ಖಾದರಭಾಯ್ ಗ್ಯಾರೇಜಿಗೆ ಒಯ್ಯಬೇಕು ಎಂದುಕೊಳ್ಳುತ್ತಲೇ ಇದ್ದೆ. ನನ್ನ ಹೆಂಡತಿ ಕಾರಿನಲ್ಲಿ ಕುಳಿತಾಗಲೆಲ್ಲ, "ಊರ ಮಂದಿ ಗಾಲಿ ಕೇಳ್ತೀರಿ, ನಮ್ಮದ್ಯಾವಾಗ?" ಎಂದು ಚುಚ್ಚುವಳು. "ಅದು ಇನ್ನಾ ಆರ ತಿಂಗಳ ತಡೀತೈತಿ" ಎಂದು ನಾನು ನಗುವೆ.

ನೀಲಕ್ಕನನ್ನು ಬ್ಯಾಡಗಿಗೆ ಕೊಟ್ಟಿತ್ತು. ಅವಳ ಗಂಡ ಚನ್ನಬಸಪ್ಪನವರಿಗೆ ಖಾರದ ಪುಡಿ ಮಾಡುವ ಗಿರಣಿ. ನಮ್ಮ ಕಡೆ ಅಕ್ಕನ ಗಂಡನನ್ನು ಮಾವ ಎನ್ನುತ್ತೇವೆ. ಮಾವ ಮೆಲುದನಿಯ ಮನುಷ್ಯ. ಗಿರಣಿಯ ಗದ್ದಲದಲ್ಲಿ ನಲವತ್ತು ವರ್ಷ ಕಳೆದವರು ಕೂಗಿ ಮಾತಾಡುವುದು ವಾಡಿಕೆ. ಇವರು ಮಾತ್ರ ಎದುರಿನವರೇ ಹತ್ತಿರ ಬಂದು ಕೇಳಿಸಿಕೊಳ್ಳಲಿ ಎಂಬಂತೆ ಮಾತಾಡುತ್ತಿದ್ದರು. ಗಾಡಿ ಓಡಿಸುವುದೂ ಹಾಗೆಯೇ, ಮೆಲ್ಲಗೆ. ಅವರ ಹಿಂದೆ ಎತ್ತಿನಗಾಡಿಯವರೂ ಹಾರ್ನು ಹೊಡೆಯುತ್ತಾರೆಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ, ಹಲಗೇರಿಯಲ್ಲಿ ಮಾವನ ತಮ್ಮನ ಮಗಳ ನಿಶ್ಚಯ ಇತ್ತು. ಹಿಂದಿನ ದಿನ ಅಕ್ಕನ ಕಣ್ಣು ತೋರಿಸಲು ಇಬ್ಬರೂ ಹಾವೇರಿಗೆ ಬಂದು ನಮ್ಮಲ್ಲೇ ಉಳಿದರು. ಬೆಳಿಗ್ಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಎದ್ದು ನೋಡಿದರೆ ಎಡಗಡೆ ಮುಂದಿನ ಗಾಲಿ ಪಂಕ್ಚರ್. ನಾನೇ ಜಾಕು ಹಚ್ಚಿ ಕಾರು ಎತ್ತಿ, ಸ್ಟೆಪ್ನಿ ಹಾಕಿ, ನಾಲ್ಕೂ ನಟ್ಟುಗಳನ್ನು ಕೈಯಿಂದ ತಿರುವಿದೆ. ಗಾಲಿ ನೆಲದ ಮೇಲೆ ಕೂತ ನಂತರ ಪಾನಾ ಹಚ್ಚಿ ಮೈಭಾರ ಹಾಕಿ ಬಿಗಿಯಬೇಕು. ಜಾಕು ಇಳಿಸಿದೆ. ಅಷ್ಟರಲ್ಲಿ ಹೊಸರಿತ್ತಿಯ ರೈತರೊಬ್ಬರು ಅಂಗಡಿಯ ಮುಂದೆ ಮೋಟಾರು ತಂದಿಳಿಸಿ ಫೋನು ಮಾಡಿದರು. ಬೆಳೆ ಬಾಡುತ್ತಿದೆ, ಇವತ್ತೇ ಬೇಕು ಎಂದು ಅವರ ಗೋಗರೆತ. ಮಾತಾಡುತ್ತ ಎದ್ದೆ. ಪಾನಾ ಎತ್ತಿ ಡಿಕ್ಕಿಯಲ್ಲಿ ಹಾಕಿದೆ.

ನಡುವೆ ಬಿಗಿದೆನೇ? ಆಗ ಯಾರಾದರೂ ಕೇಳಿದ್ದರೆ, ಬಿಗಿದಿದ್ದೇನೆ ಎಂದೇ ಆಣೆ ಮಾಡುತ್ತಿದ್ದೆ.

"ಮಾವ, ನನಗ ಅರ್ಜೆಂಟ್ ಕೆಲಸ ಬಂತ್ರಿ. ಗಾಡಿ ನೀವ ಒಯ್ರಿ. ನಾ ಬಸ್ಸಿಗೆ ಬಂದು ಊಟದ ಹೊತ್ತಿಗೆ ಕೂಡ್ತೇನಿ" ಎಂದೆ.

"ನೀ ಇದ್ರ ಚಲೋ ಇತ್ತಪಾ" ಎಂದರು ಮಾವ, ಎಂದಿನ ಮೆಲುದನಿಯಲ್ಲಿ. ಅಕ್ಕ ರೇಷ್ಮೆ ಸೀರೆಯ ಸೆರಗು ಸರಿಪಡಿಸಿಕೊಂಡು ಅವರ ಪಕ್ಕದಲ್ಲಿ ಕುಳಿತಳು.

ಮುಕ್ಕಾಲು ತಾಸಿನ ಮೇಲೆ ಮಾವನ ಫೋನು ಬಂತು. ನಾನು ಅಂಗಡಿಯಲ್ಲಿ ಆ ಮೋಟಾರನ್ನು ಓಡಿಸಿ ಕೇಳುತ್ತಿದ್ದೆ. ಬಲಗಿವಿಗೆ ಸ್ಕ್ರೂಡ್ರೈವರು, ಎಡಗಿವಿಗೆ ಫೋನು.

"ಈರಣ್ಣಾ, ಮೋಟೆಬೆನ್ನೂರ ಹತ್ರ ನಿಂತೇವಿ. ಎಡಗಡೆ ಮುಂದಿನ ಗಾಲ್ಯಾಗ ಸಪ್ಪಳ ಬರಾಕತ್ತೈತಿ."

"ಗುಂಯ್ ಅಂತೈತೇನ್ರಿ?"

"ಅದೂ ಐತಿ. ಮತ್ತ ಒಂಥರಾ..."

"ಅದು ಹಳೇ ಬೇರಿಂಗ್ ರೀ ಮಾವ. ಮೂರು ತಿಂಗಳಾತು. ಏನೂ ಆಗೂದಿಲ್ಲ, ಹೋಗ್ರಿ."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಏನಂತಾನ?"

"ಏನೂ ಆಗೂದಿಲ್ಲ ಅಂತಾನ."

ಫೋನು ಕಟ್ ಆಯಿತು. ಮೂರು ಪ್ರಶ್ನೆಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ. "ಮತ್ತ ಒಂಥರಾ" ಎಂಬುದರ ಮುಂದೆ ಏನಿತ್ತು ಎಂದು ಕೇಳಿಸಿಕೊಳ್ಳುವ ವ್ಯವಧಾನವೂ ಇರಲಿಲ್ಲ. ಊರಿನ ಹೆಡ್‌ಮಾಸ್ತರರ ಕುಂಯ್‌ಗುಟ್ಟುವಿಕೆಗೆ ಐದು ನಿಮಿಷ ಕೊಟ್ಟವನು ಮಾವನಿಗೆ ಅರ್ಧ ನಿಮಿಷ ಕೊಡಲಿಲ್ಲ.

ರಾಣೆಬೆನ್ನೂರು ಇನ್ನೂ ಸ್ವಲ್ಪ ದೂರವಿರುವಾಗ ಗಾಲಿ ಕಳಚಿತು. ಕಾರು ಎಡಕ್ಕೆ ಕುಸಿದು, ಬದಿಯ ಕಲ್ಲಿಗೆ ಬಡಿದು, ತಗ್ಗಿಗೆ ಉರುಳಿತು. ಮಾವ ದವಾಖಾನೆ ಮುಟ್ಟಲಿಲ್ಲ. ಅಕ್ಕನ ಬಲಗೈ ಮತ್ತು ಹೆಗಲೆಲುಬು ಮುರಿದಿದ್ದವು. ನಾನು ಹೋದಾಗ ಅವಳಿಗೆ ಎಚ್ಚರವಿತ್ತು. ನನ್ನನ್ನು ನೋಡಿ, "ಅವರನ್ನ ನೋಡು ಹೋಗು, ಒಬ್ಬರ ಅದಾರ" ಎಂದಳು. ಅವರು ಎಲ್ಲಿದ್ದಾರೆಂದು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ಬದಿಯ ಕಲ್ಲಿಗೆ ಬಡಿದು ಗಾಲಿ ಕಿತ್ತಿತು ಎಂದೇ ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ, ತಿಳಿಯಲು ಬಯಸಿದೆ. ಮೂರು ವಾರದ ಮೇಲೆ ನುಜ್ಜಾದ ಕಾರನ್ನು ಖಾದರಭಾಯ್ ಗ್ಯಾರೇಜಿಗೆ ಎಳೆಸಿ ತಂದರು. ಖಾದರಭಾಯ್ ನನ್ನ ವಯಸ್ಸಿನವರು, ಇಪ್ಪತ್ತು ವರ್ಷದ ಪರಿಚಯ. ಅವತ್ತು ನಾನು ಹೋದಾಗ ಚಹಾ ತರಿಸಲಿಲ್ಲ. ಕೆಲಸದವರನ್ನೆಲ್ಲ ಊಟಕ್ಕೆ ಕಳಿಸಿ, ನನ್ನನ್ನು ಕಾರಿನ ಹತ್ತಿರ ಕರೆದರು.

"ಈರಣ್ಣೋರ, ಕಲ್ಲಿಗೆ ಬಡದು ಗಾಲಿ ಕಿತ್ತಿದ್ರ ಈ ಬೋಲ್ಟ್ ಮುರೀಬೇಕಾಗಿತ್ತು. ಇವು ನೆಟ್ಟಗ ಅದಾವು. ಬರೇ ಆಟಿ ಸವದೈತಿ." ಬೋಲ್ಟಿನ ತಿರುಪಿನ ಗೆರೆಗಳ ಮೇಲೆ ಬೆರಳಾಡಿಸಿ ತೋರಿಸಿದರು. ಆಮೇಲೆ ಮೂಲೆಯಲ್ಲಿದ್ದ ಗಾಲಿಯನ್ನು ಉರುಳಿಸಿಕೊಂಡು ಬಂದು ಅದರ ತೂತುಗಳನ್ನು ತೋರಿಸಿದರು. "ದುಂಡಗಿದ್ದ ತೂತು ತತ್ತಿ ಹಂಗ ಆಗ್ಯಾವು ನೋಡ್ರಿ. ನಟ್ ಸಡ್ಲಿದ್ದು, ಗಾಲಿ ಅಲ್ಲಾಡಿಕೋಂತ ಬಂದೈತಿ. ಇದನ್ನ ಯಾರು ಹಾಕಿದ್ರಿ?"

"ನಾನ" ಎಂದೆ.

ಅವರು ಬಹಳ ಹೊತ್ತು ಕೈ ಒರೆಸಿಕೊಂಡರು. "ನಾ ಯಾರ ಮುಂದೂ ಹೇಳೂದಿಲ್ಲ. ಇದನ್ನ ಹೇಳಬೇಕಾದಾಂವ ನಾ ಅಲ್ಲರಿ" ಎಂದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಪ್ಪನ ನೆನಪಾಯಿತು. ಅಪ್ಪ ಎತ್ತಿನಗಾಡಿ ಹೂಡುವ ಮುಂಚೆ ಎರಡೂ ಗಾಲಿಗಳ ಕಡಾಣಿಯನ್ನು, ಎಂದರೆ ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಕಬ್ಬಿಣದ ಗೂಟವನ್ನು, ಕೈಯಿಂದ ಮುಟ್ಟಿ ಅಲ್ಲಾಡಿಸಿ ನೋಡುತ್ತಿದ್ದ. ದಿನಾ ನೋಡುತ್ತಿದ್ದ. ಕಣ್ಣಿಗೆ ಕಾಣುತ್ತದಲ್ಲ, ಮುಟ್ಟುವುದು ಯಾಕೆ ಎಂದು ಒಮ್ಮೆ ಕೇಳಿದ್ದೆ. "ಕಣ್ಣು ನೋಡಿದ್ದನ್ನ ಮರೀತೈತಿ, ಕೈ ಮರಿಯೂದಿಲ್ಲ" ಎಂದಿದ್ದ. ನನ್ನ ಕೈಗಳನ್ನು ನೋಡಿಕೊಂಡೆ. ಆ ಬೆಳಿಗ್ಗೆ ಪಾನಾದ ಮೇಲೆ ಮೈಭಾರ ಹಾಕಿದ ನೆನಪು ಅವುಗಳಲ್ಲಿ ಇರಲಿಲ್ಲ. ಮೊದಲ ದಿನದಿಂದಲೂ ಇರಲಿಲ್ಲ.

ಹೇಳಬೇಕೆಂದೇ ಬ್ಯಾಡಗಿಗೆ ಹೋದೆ. ಆ ಮನೆಯಲ್ಲಿ ಖಾರದ ಘಾಟು ಗೋಡೆಗೇ ಹತ್ತಿದೆ. ಬಂದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ, ಯಾರದು ದುಃಖ ಯಾರದು ಘಾಟು ತಿಳಿಯದು. ಅಕ್ಕ ಕೈಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಮಾತಾಡಿಸಲು ಬಂದ ಹೆಂಗಸರಿಗೆ ಹೇಳುತ್ತಿದ್ದಳು:

"ಸಪ್ಪಳ ಕೇಳಿ ಅವರು ನಿಲ್ಲಿಸಿದ್ರವ್ವ. ತಮ್ಮಗ ಫೋನೂ ಮಾಡಿದ್ರು. ಹಳೇ ಬೇರಿಂಗ್ ಅಂತ ಅಂದ. ಅವಗ ಗೊತ್ತಾಗತೈತಿ ಗಾಲಿ ಸಪ್ಪಳ. ಆದ್ರೂ ಇವರು, ಮೆಲ್ಲಕ ಹೋಗೂಣು ಅಂದ್ರು. ನಾನ, ಮುಹೂರ್ತ ಮೀರತೈತಿ, ಲಗೂ ಹೊಡೀರಿ ಅಂದೆ. ಎರಡು ಸಲ ಅಂದೆ. ನಲವತ್ತು ವರ್ಷ ಎಂದೂ ಲಗೂ ಹೊಡೆದವರಲ್ಲ, ನನ್ನ ಮಾತಿಗೆ ಹೊಡೆದ್ರು."

ಎಲ್ಲರ ಮುಂದೆ ಹೇಗೆ ಹೇಳುವುದು ಎಂದುಕೊಂಡೆ. ಮುಂದಿನ ವಾರ ಅವಳೊಬ್ಬಳೇ ಇದ್ದಳು. ಕೈ ಇನ್ನೂ ಕೂಡಿಲ್ಲ, ಈಗ ಬೇಡ ಎಂದುಕೊಂಡೆ. ಕೈ ಕೂಡಿದ ಮೇಲೆ, ಈಗ ತಾನೇ ಸುಧಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ವಾರಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದೆ. ಹಣ್ಣು ಒಯ್ಯುತ್ತಿದ್ದೆ, ಮಾತ್ರೆ ಒಯ್ಯುತ್ತಿದ್ದೆ. ಎಂಥ ತಮ್ಮ ಎಂದು ಓಣಿಯವರು ಹೊಗಳಿದರು. ಪ್ರತಿ ಸಲವೂ ಅಕ್ಕ ಅದೇ ಮಾತನ್ನು ಯಾರಾದರೊಬ್ಬರಿಗೆ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ಹೀಗೆ ಏಳು ತಿಂಗಳು ಹೋಯಿತು.

ಒಂದು ಸಂಜೆ ಅಕ್ಕನ ಮೊಮ್ಮಗಳು, ಏಳು ವರ್ಷದ ಹುಡುಗಿ, ಅಂಗಳದಲ್ಲಿ ಗೆಳತಿಯರೊಡನೆ ಆಡುತ್ತಿದ್ದಳು. ಒಳಗಿದ್ದ ಅಜ್ಜಿಯನ್ನು ಏನೋ ತೋರಿಸಲು ಕರೆದು, "ಅಜ್ಜೀ, ಲಗೂ ಬಾ! ಲಗೂ ಲಗೂ!" ಎಂದು ಕೂಗಿದಳು. ಅಕ್ಕ ದಡಬಡ ಎದ್ದು ಹೋಗಿ ಆ ಮಗುವಿನ ಕೆನ್ನೆಗೆ ಹೊಡೆದಳು. ಜೀವಮಾನದಲ್ಲಿ ಯಾವ ಮಗುವಿಗೂ ಕೈ ಎತ್ತದವಳು. ಕೂಡಿಕೊಂಡಿದ್ದ ಅದೇ ಬಲಗೈ. ಮಗು ಅಳಲೂ ಮರೆತು ನಿಂತಿತು. ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕುಸಿದು, "ಈ ಮನ್ಯಾಗ ಆ ಮಾತು ಯಾರೂ ಅನ್ನಬ್ಯಾಡ್ರಿ" ಎಂದು ಹೇಳಿದಳು.

ಮಗುವನ್ನು ಅದರ ತಾಯಿ ಒಳಗೆ ಕರೆದೊಯ್ದ ಮೇಲೆ ನಾನು ಅಕ್ಕನ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಜಾಕು, ಪಾನಾ, ಹೊಸರಿತ್ತಿಯ ಫೋನು, ತತ್ತಿಯಾದ ತೂತುಗಳು. ಯಾವುದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಕೇಳಿದಳು.

"ಮೆಲ್ಲಕ ಹೋಗಿದ್ರೂ ಗಾಲಿ ಕಳಚತಿತ್ತೇನು?"

"ಕಳಚತಿತ್ತು ಅಕ್ಕಾ. ಇನ್ನೊಂದೀಟು ಮುಂದ ಹೋಗಿ ಕಳಚತಿತ್ತು." ಮೆಲ್ಲಗೆ ಹೋಗುವಾಗ ಕಳಚಿದ್ದರೆ ಮಾವ ಬದುಕುತ್ತಿದ್ದರೇನೋ. ಅದು ಇಬ್ಬರಿಗೂ ಗೊತ್ತಿತ್ತು. ಅದನ್ನು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

"ನಿನಗ ಯಾವಾಗ ಗೊತ್ತಾತು?"

"ಮೂರನೇ ವಾರಕ್ಕ."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟು ಬಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ಇದ್ದದ್ದು ಆಶ್ಚರ್ಯ.

"ವಾರಾ ವಾರಾ ಬಂದು ಇಲ್ಲೇ ಕುಂದರತಿದ್ದಿ. ನಾ ಹೇಳೂದನ್ನ ಕೇಳತಿದ್ದಿ. ನಟ್ ಮರತದ್ದು ಮರವು ಬಿಡು, ಯಾರಿಗಾದ್ರೂ ಆಗತೈತಿ. ಇದು ಮರವಲ್ಲಲ್ಲೋ ಈರಣ್ಣ."

"ಇವತ್ತ ಹೋಗು" ಎಂದಳು. "ನಾ ಕರದಾಗ ಬಾ."

ನಾಲ್ಕು ತಿಂಗಳು ಕರೆಯಲಿಲ್ಲ. ಬೇರೆಯವರ ಫೋನುಗಳು ಬರುತ್ತಿದ್ದವು, ಗಾಲಿಯ ಸಪ್ಪಳ ಹಿಡಿದುಕೊಂಡು. "ಗ್ಯಾರೇಜಿಗೆ ಒಯ್ರಿ, ನನಗ ತಿಳಿಯೂದಿಲ್ಲ" ಎನ್ನುತ್ತಿದ್ದೆ. ಮೆಲ್ಲಮೆಲ್ಲಗೆ ಅವೂ ನಿಂತವು. ಮೋಟಾರು ಮಾತ್ರ ಹೊಟ್ಟೆಪಾಡು, ಅದನ್ನು ಬಿಡುವಂತಿಲ್ಲ. ಆದರೆ ಸ್ಕ್ರೂಡ್ರೈವರು ಕಿವಿಗೆ ಹಚ್ಚಿದಾಗ ಫೋನು ಬಂದರೆ ಮೊದಲು ಮೋಟಾರು ನಿಲ್ಲಿಸುತ್ತೇನೆ. ತಡವಾಗಿ ಬಂದ ಬುದ್ಧಿ.

ಮಾವನ ವರ್ಷದ ಕಾರ್ಯಕ್ಕೆ ಅಕ್ಕನ ಮಗ ಫೋನು ಮಾಡಿದ. "ಅವ್ವ ನಿಮಗ ಬಾ ಅಂದಾಳ" ಎಂದಷ್ಟೇ ಹೇಳಿದ. ಬಸ್ಸಿನಲ್ಲಿ ಹೋದೆ. ಪೂಜೆ ಮುಗಿದು ಊಟಕ್ಕೆ ಸಾಲಾಗಿ ಕುಳಿತೆವು. ಹಲಗೇರಿಯವರು, ರಾಣೆಬೆನ್ನೂರಿನವರು, ಓಣಿಯ ಹಿರಿಯರು, ಎಲ್ಲರೂ ಇದ್ದರು. ಅಕ್ಕ ತಾನೇ ಬಡಿಸುತ್ತಿದ್ದಳು, ಬಲಗೈ ಸೋಲುತ್ತದೆಂದು ಎಡಗೈಯ ಆಸರೆ ಕೊಟ್ಟುಕೊಂಡು. ಸಾಲಿನ ಕೊನೆಯಲ್ಲಿದ್ದ ಒಬ್ಬ ಅಜ್ಜಿ, ದೂರದ ನೆಂಟರು, ಮರುಕದಿಂದ ಕೇಳಿದರು. "ಎಷ್ಟು ಮೆತ್ತಗಿನ ಮನಷ್ಯಾನವಾ. ಅದ್ಹೆಂಗ ಆತು ಅದು?"

ಅಕ್ಕ ಬಡಿಸುವುದನ್ನು ನಿಲ್ಲಿಸಲಿಲ್ಲ. "ಗಾಲಿ ನಟ್ ಬಿಗಿ ಆಗಿರಲಿಲ್ಲರಿ ಅಮ್ಮಾ. ಗಾಲಿ ಹಾಕಿದಾಂವ ನನ್ನ ತಮ್ಮ. ಇವನ ನೋಡ್ರಿ, ಇಲ್ಲೇ ಕುಂತಾನ."

ಸಾಲಿನಲ್ಲಿದ್ದ ಅಷ್ಟೂ ಕೈಗಳು ಎಲೆಯ ಮೇಲೆ ನಿಂತವು. ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಎದ್ದು ಹೋಗಬೇಕೆನಿಸಿತು. ಅಕ್ಕ ಒಂದೊಂದೇ ಎಲೆ ದಾಟಿ ನನ್ನ ಮುಂದೆ ಬಂದು ನಿಂತಳು. ಸೌಟಿನಲ್ಲಿ ಅನ್ನ ಇತ್ತು.

"ಹಾಕ್ಲೇನು?" ಎಂದಳು.

"ಹಾಕು" ಎಂದೆ.

ಹಾಕಿದಳು. ಎಲ್ಲರೂ ನೋಡುತ್ತಿದ್ದಂತೆ ತಲೆ ಬಗ್ಗಿಸಿ ಉಂಡೆ.